ಒಂದು ಕಾಲು ಬೆಚ್ಚಗೆ, ಒಂದು ಕಾಲು ತಣ್ಣಗೆ



ಈ ಸಲದ ಅಂಚೆಯಲ್ಲಿ ಚಳ್ಳಕೆರೆಯ ಸೋದರಿಯೊಬ್ಬರ ಕಾಗದ ಬಂದಿದೆ. ಅವರ ಮಾವನವರಿಗೆ ಹೃದಯ ದುರ್ಬಲವಾಗಿದೆಯಂತೆ, ದಿನಕ್ಕೆ ಆರು ಬಗೆಯ ಮಾತ್ರೆ. ಮಾತ್ರೆ ಶುರುವಾದಾಗಿನಿಂದ ಕಾಲು ತಣ್ಣಗೆ ಕೊರೆಯುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಅಂತ ದಿನವೂ ಗೊಣಗುತ್ತಾರಂತೆ. "ಇಷ್ಟು ತೊಂದರೆ ಕೊಡುವ ಮಾತ್ರೆಗಳನ್ನು ಒಂದು ತಿಂಗಳು ನಿಲ್ಲಿಸಿ ನೋಡಬಾರದೇ ಅಕ್ಕ?" ಎಂದು ಕೇಳಿದ್ದಾರೆ.

ಕಾಗದ ಓದಿ ನನ್ನೆದೆ ಧಸಕ್ಕೆಂದಿತು. ಹೋದ ವರ್ಷ ಇದೇ ಪ್ರಶ್ನೆ ನನಗೂ ಬಂದಿತ್ತು. ಈ ಸೋದರಿ ಕಾಗದ ಬರೆದಾದರೂ ಕೇಳಿದರು. ನಾನು ಯಾರನ್ನೂ ಕೇಳದೆ ನನಗೆ ನಾನೇ ಉತ್ತರ ಹೇಳಿಕೊಂಡಿದ್ದೆ. ಅದರ ಫಲ ಉಂಡವರು ನಮ್ಮ ಅತ್ತೆ. ಹಾಗಾಗಿ ಈ ಸಂಚಿಕೆಯಲ್ಲಿ ಹೇಳಬೇಕೆಂದಿದ್ದ ಅವರೆಕಾಳಿನ ವಿಷಯ ಮುಂದಕ್ಕೆ ಹಾಕಿ, ಇದನ್ನೇ ಬರೆಯುತ್ತಿದ್ದೇನೆ. ನಾನೇನೂ ವೈದ್ಯಳಲ್ಲ, ಎಸ್ಸೆಸ್ಸೆಲ್ಸಿ ಓದಿದವಳು. ನೋಡಿದ್ದು, ಕೇಳಿ ತಿಳಿದುಕೊಂಡದ್ದು, ಪಶ್ಚಾತ್ತಾಪ ಪಟ್ಟಿದ್ದು, ಇಷ್ಟನ್ನು ಹೇಳುತ್ತೇನೆ.

ನಮ್ಮದು ತಿಪಟೂರು. ಅತ್ತೆಯವರಿಗೆ ಈಗ 71 ವರ್ಷ, ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ ಆಯಿತು. ಎರಡು ವರ್ಷದ ಹಿಂದೆ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟಿದ ಹಾಗೆ, ಸಂಜೆ ಹೊತ್ತಿಗೆ ಪಾದ ಊದುವುದು, ಹೀಗೆಲ್ಲ ಶುರುವಾಯಿತು. ಎಕೋ ಪರೀಕ್ಷೆ ಮಾಡಿಸಿದಾಗ 'ಹಾರ್ಟ್ ಫೇಲ್ಯೂರ್' ಅಂದರು. ಹೆಸರು ಕೇಳಿದರೆ ಹೃದಯ ನಿಂತೇ ಹೋಯಿತೇನೋ ಅನ್ನಿಸುತ್ತದೆ, ಅಲ್ಲವೇ? ನಾನಂತೂ ಅಲ್ಲೇ ಅಳೋದಕ್ಕೆ ಶುರು ಮಾಡಿದ್ದೆ. ಹಾಗಲ್ಲವಂತೆ. ಹೃದಯ ಪ್ರತಿ ಬಡಿತಕ್ಕೂ ತನ್ನಲ್ಲಿ ತುಂಬಿಕೊಂಡ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಕ್ಕೆ ತಳ್ಳಬೇಕು. ಅತ್ತೆಯವರದು ನೂರಕ್ಕೆ 35 ಪಾಲು ಮಾತ್ರ ತಳ್ಳುತ್ತಿತ್ತು. ತೋಟದ ಮೋಟಾರು ಹಳತಾದರೆ ನೀರು ಏರುವುದಿಲ್ಲ ನೋಡಿ, ಹಾಗೆ. ರಕ್ತ ಮುಂದಕ್ಕೆ ಸರಿಯಾಗಿ ಹೋಗದೆ ಹಿಂದೆ ನಿಂತುಕೊಂಡು, ಅದರ ನೀರು ಶ್ವಾಸಕೋಶಕ್ಕೂ ಕಾಲಿಗೂ ಇಳಿಯುತ್ತದೆ.

ಡಾಕ್ಟರಮ್ಮ ಐದು ಮಾತ್ರೆ ಬರೆದುಕೊಟ್ಟರು. ಅದರಲ್ಲಿ ಒಂದು ನೀರಿನ ಮಾತ್ರೆ. ನಿಮ್ಮ ಮನೆಗಳಲ್ಲೂ ಯಾರಾದರೂ ನುಂಗುತ್ತಿರಬಹುದು. ನುಂಗಿದ ಒಂದು ಗಂಟೆಯೊಳಗೆ ಮೂತ್ರಕ್ಕೆ ಅವಸರ ಶುರುವಾದರೆ ಸುಮಾರು ಆರು ಗಂಟೆ ಕಾಲ ಓಡಾಟವೇ. ಮನೆಯಲ್ಲಿದ್ದಾಗ ಹೇಗೋ ನಡೆಯಿತು. ನಾದಿನಿಯ ಮಗಳ ಮದುವೆ ಶಿವಮೊಗ್ಗದಲ್ಲಿ ನಿಶ್ಚಯವಾದಾಗ ಕಷ್ಟ ಬಂತು. ಅರಸೀಕೆರೆ, ಕಡೂರು, ತರೀಕೆರೆ ದಾಟಿ ಬಸ್ಸಿನಲ್ಲಿ ಮೂರೂವರೆ ನಾಲ್ಕು ಗಂಟೆ ಪ್ರಯಾಣ. ಗಂಡಸರಾದರೆ ಬಸ್ಸು ನಿಂತ ಕಡೆ ಯಾವುದೋ ಮರದ ಮರೆಗೆ ಹೋಗಿ ಬಂದಾರು. 71 ವರ್ಷದ ಹೆಂಗಸು, ಊದಿದ ಕಾಲು, ಒಂಬತ್ತು ಗಜದ ಸೀರೆ, ಎಲ್ಲಿಗೆ ಹೋಗಬೇಕು? ಡ್ರೈವರಿಗೆ "ಸ್ವಲ್ಪ ನಿಲ್ಲಿಸಪ್ಪ" ಅಂತ ಎಷ್ಟು ಸಲ ಹೇಳೋದು?

"ನಾಲ್ಕು ದಿನ ಬಿಟ್ಟರೆ ಏನಾಗತ್ತೆ ಬಿಡು. ಮೊಮ್ಮಗಳ ಧಾರೆ ನೋಡೋ ಹೊತ್ತಲ್ಲಿ ನಾನು ಬಚ್ಚಲಮನೇಲಿ ಇರಬೇಕಾ?" ಅಂದರು ಅತ್ತೆ. ನಾನೂ "ಆಯ್ತು ಅತ್ತೆ" ಅಂದುಬಿಟ್ಟೆ. ನಮ್ಮ ಯಜಮಾನರಿಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಹೆಂಗಸರ ವಿಷಯ, ನಮ್ಮಿಬ್ಬರಲ್ಲೇ ಇರಲಿ ಅಂದುಕೊಂಡೆವು.

ಹೊರಡುವ ದಿನ, ವರಪೂಜೆ, ಧಾರೆ, ಬೀಗರ ಊಟ, ನಾಲ್ಕು ದಿನ ಆ ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಮದುವೆ ಊಟ ಕೇಳಬೇಕೇ? ಹಪ್ಪಳ, ಉಪ್ಪಿನಕಾಯಿ, ಪುಳಿಯೋಗರೆ. ಸಾಲದ್ದಕ್ಕೆ ಛತ್ರದ ಮೆಟ್ಟಿಲು ಹತ್ತಿ ಇಳಿದು ಮಂಡಿನೋವು ಅಂತ, ಬೀದಿಯ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ತಂದು ಮೂರು ದಿನ ಕೊಟ್ಟೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ನೋವಿನ ಮಾತ್ರೆಗಳು ಉಪ್ಪನ್ನೂ ನೀರನ್ನೂ ಮೈಯಲ್ಲೇ ಹಿಡಿದಿಡುತ್ತವೆ, ಹೃದಯ ದುರ್ಬಲವಾದವರಿಗೆ ಕೊಡಲೇಬಾರದು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಊರಿಗೆ ಬಂದ ರಾತ್ರಿ ಎರಡು ಗಂಟೆಗೆ ನೋಡುತ್ತೇನೆ, ಅತ್ತೆ ಮಂಚದ ಮೇಲೆ ಎದ್ದು ಕೂತು ಬಾಯಿ ಬಿಟ್ಟು ಉಸಿರೆಳೆಯುತ್ತಿದ್ದಾರೆ. ಕಾಲು ಮೊಣಕಾಲಿನವರೆಗೆ ಊದಿದೆ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿದೆ. ಆಸ್ಪತ್ರೆಯಲ್ಲಿ ತೂಕ ನೋಡಿದರೆ ವಾರದ ಹಿಂದಿನದಕ್ಕಿಂತ 4 ಕಿಲೋ ಹೆಚ್ಚು. ಅಷ್ಟೂ ನೀರು. ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಇಟ್ಟು, ಮೂರು ದಿನ ಇರಿಸಿಕೊಂಡರು. ನಾನು ಮಾಡಿದ್ದನ್ನು ಅಳುತ್ತಾ ಹೇಳಿಕೊಂಡಾಗ ಡಾಕ್ಟರಮ್ಮ ಬೈಯಲಿಲ್ಲ. "ಕೇಳಿದ್ದರೆ ಮಾತ್ರೆಯ ಹೊತ್ತು ಬದಲಾಯಿಸಿ ಅಂತ ನಾನೇ ಹೇಳ್ತಿದ್ದೆನಲ್ಲಮ್ಮ. ಪ್ರಯಾಣದ ದಿನ ಬೆಳಿಗ್ಗೆ ಬದಲು ಊರು ತಲುಪಿದ ಮೇಲೆ ಮಧ್ಯಾಹ್ನ ತಗೋಬಹುದಿತ್ತು" ಅಂದರು. ಇಷ್ಟೇ! ಒಂದು ಮಾತು ಕೇಳುವ ನಾಚಿಕೆಗೆ ಇಷ್ಟು ದೊಡ್ಡ ದಂಡ. ಈಗ ನಾವು ದೂರ ಹೋಗಬೇಕಾದರೆ ರೈಲಿನಲ್ಲೇ ಹೋಗುತ್ತೇವೆ. ರೈಲಿನಲ್ಲಿ ಆ ಅನುಕೂಲ ಇದೆ ಅನ್ನುವುದು ಮೊದಲೇ ಯಾಕೆ ಹೊಳೆಯಲಿಲ್ಲವೋ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಚಳ್ಳಕೆರೆಯ ಸೋದರಿ ಕೇಳಿದ ತಣ್ಣನೆ ಕಾಲಿನ ಕಥೆ ಇನ್ನು ಮುಂದಿದೆ.

ಬಾವು ಇಳಿಯಿತು. ಆದರೆ ಕಾಲು ಊದಿದ್ದಾಗ ಎಡಗಾಲಿನ ಕಾಲುಂಗುರ ಮಾಂಸಕ್ಕೆ ಕಚ್ಚಿಕೊಂಡು ಒಂದು ಗೀರು ಹುಣ್ಣಾಗಿತ್ತು. ಅದು ಹದಿನೈದು ದಿನವಾದರೂ ಮಾಯಲಿಲ್ಲ. ಜೊತೆಗೆ ಆ ಪಾದ ತಣ್ಣಗೆ, ರಾತ್ರಿಯಾದರೆ ನೋವು. ಕಾಲು ಊದಿದಾಗ ದಿಂಬಿನ ಮೇಲೆ ಎತ್ತಿಡಬೇಕು ಅಂತ ಕೇಳಿದ್ದೆನಲ್ಲ, ಅದನ್ನೇ ಮುಂದುವರಿಸಿದ್ದೆ. ಅತ್ತೆ ನಿದ್ದೆಗಣ್ಣಲ್ಲಿ ಎಡಗಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಡುವರು, ನಾನು ಎದ್ದು ಮತ್ತೆ ಎತ್ತಿ ದಿಂಬಿನ ಮೇಲೆ ಇಡುವೆನು. "ಇಳಿಬಿಟ್ಟರೆ ಹಾಯಾಗಿರತ್ತೆ ಕಣಮ್ಮ, ಬಿಡೇ" ಅಂದರೂ ಕೇಳಲಿಲ್ಲ ನಾನು. ಬೆಚ್ಚಗಾಗಲಿ ಅಂತ ಬಿಸಿನೀರಿನ ಚೀಲ ಇಟ್ಟೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿದ್ದ ಪಾದ, ಸುಟ್ಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಹಿಮ್ಮಡಿಯಲ್ಲಿ ಬೊಬ್ಬೆ.

ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ, "ನಮ್ಮೆಜಮಾನ್ರಿಗೂ ಕಾಲಲ್ಲಿ ರಕ್ತ ಓಡ್ತಿರಲಿಲ್ಲ, ಈ ಮಾತ್ರೆಯಿಂದ ಎಷ್ಟೋ ವಾಸಿ" ಅಂತ ಅರ್ಧ ಪಟ್ಟಿ ಮಾತ್ರೆ ತಂದುಕೊಟ್ಟರು. ನಾನು ಮಾತ್ರೆ ಡಬ್ಬಿಯ ಚೀಟಿ ಬಿಡಿಸಿ ಕನ್ನಡಕ ಹಾಕಿಕೊಂಡು ಓದಿದೆ. 'ಲಾಲ್' ಅಂತ ಕೊನೆಯಾಗುವ ಹೃದಯದ ಮಾತ್ರೆಯ ಅಡ್ಡ ಪರಿಣಾಮಗಳಲ್ಲಿ 'ಕೈಕಾಲು ತಣ್ಣಗಾಗುವುದು' ಅಂತ ಇತ್ತು. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಅದನ್ನು ನಿಲ್ಲಿಸಿ ಪಕ್ಕದ ಮನೆಯವರ ಮಾತ್ರೆ ಶುರು ಮಾಡೋಣ ಅಂತ ಕೈಯಲ್ಲಿ ಹಿಡಿದುಕೊಂಡಿದ್ದೆ. ಆ ಎರಡು ಗಂಟೆ ರಾತ್ರಿಯ ನೆನಪಾಗಿ ಕೈ ನಡುಗಿತು. ಎರಡೂ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು, ಅತ್ತೆ ಮಾವ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ನನ್ನ ಮಾತೆಲ್ಲ ಕೇಳಿ, "ನಿಮ್ಮ ಅಂಗೈ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ನೋಡಿ" ಅಂದರು. ಬಲಗಾಲು ಬೆಚ್ಚಗಿತ್ತು, ಎಡಗಾಲು ತಣ್ಣಗಿತ್ತು. ಇಷ್ಟು ದಿನ ಎಡಗಾಲು ಮುಟ್ಟಿದ್ದೆನೇ ಹೊರತು, ಬಲಗಾಲು ಮುಟ್ಟಿ ನೋಡಬೇಕು ಅಂತ ತೋಚಿರಲಿಲ್ಲ ನನಗೆ. "ಮಾತ್ರೆಗೆ ಎಡ ಬಲ ಗೊತ್ತಾಗಲ್ಲಮ್ಮ. ಮಾತ್ರೆಯಿಂದ ತಣ್ಣಗಾದರೆ ಎರಡು ಕಾಲೂ ತಣ್ಣಗಾಗಬೇಕು, ಕೈಯೂ ಆಗಬೇಕು" ಅಂದರು. ಮಾವನವರು ಥಟ್ಟನೆ, "ಅಂದ್ರೆ ಮೋಟಾರಿನ ದೋಷ ಅಲ್ಲ, ಒಂದು ಸಾಲಿನ ಪೈಪು ಕಟ್ಟಿಕೊಂಡಿದೆ" ಅಂದರು. ನಲವತ್ತು ವರ್ಷ ತೆಂಗಿನ ತೋಟಕ್ಕೆ ನೀರು ಹಾಯಿಸಿದವರಲ್ಲವೇ. ಡಾಕ್ಟರಮ್ಮ ನಕ್ಕುಬಿಟ್ಟು, "ಅದೇ ಸ್ವಾಮಿ, ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ" ಅಂದರು.

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸಾಲಿನಲ್ಲಿ ಮೇಲಕ್ಕೆ ಬಂದರೆ ನಾಡಿ ಸಿಗುತ್ತದಂತೆ. ಬಲಗಾಲಿನಲ್ಲಿ ನನ್ನ ಬೆರಳಿಗೇ ಸಿಕ್ಕಿತು, ಎಡಗಾಲಿನಲ್ಲಿ ಅವರಿಗೂ ಸಿಗಲಿಲ್ಲ. ಆಮೇಲೆ ತೋಳಿಗೆ ಸುತ್ತುವ ಬಿ.ಪಿ. ಪಟ್ಟಿಯನ್ನೇ ಕಾಲಿಗೆ ಸುತ್ತಿ, ಹರಡಿನ ಹತ್ತಿರದ ಒತ್ತಡ ಅಳೆದರು. ತೋಳಿನಲ್ಲಿ 120 ಇತ್ತು. ಬಲಗಾಲಿನಲ್ಲಿ 114, ಎಡಗಾಲಿನಲ್ಲಿ ಬರೀ 66. ಕಾಲಿನ ಲೆಕ್ಕವನ್ನು ತೋಳಿನ ಲೆಕ್ಕದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು. ಬಂದರೆ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ಅತ್ತೆಯವರ ಎಡಗಾಲಿನದು 0.55. ಸಕ್ಕರೆ ಕಾಯಿಲೆ, ಬಿ.ಪಿ., ಕೊಬ್ಬು, ಬೀಡಿ ಸಿಗರೇಟು ಇವುಗಳಿಂದ ಹೃದಯದ ನಾಳ ಕಟ್ಟುವ ಹಾಗೆಯೇ ಕಾಲಿನ ನಾಳವೂ ಕಟ್ಟುತ್ತದೆ.

ದಿಂಬಿನ ಮೇಲೆ ಎತ್ತಿಡುವುದು ನೀರಿನ ಬಾವಿಗೆ ಸರಿ. ರಕ್ತವೇ ಏರದ ಕಾಲನ್ನು ಎತ್ತಿಟ್ಟರೆ ಬರುತ್ತಿದ್ದ ಅಷ್ಟಿಷ್ಟೂ ನಿಲ್ಲುತ್ತದೆ. ಅತ್ತೆ ಇಳಿಬಿಡುತ್ತಿದ್ದದ್ದು ಹಠಕ್ಕಲ್ಲ, ಆ ಕಾಲು ರಕ್ತ ಕೇಳುತ್ತಿತ್ತು. ಎಷ್ಟು ರಾತ್ರಿ ಎತ್ತಿ ಇಟ್ಟೆನೋ! ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಇನ್ನು ಪಕ್ಕದ ಮನೆಯ ಮಾತ್ರೆ. ಹೆಸರು ಸಿಲೋಸ್ಟಜಾಲ್. ಕಾಲಿನ ರಕ್ತ ಓಡಾಟಕ್ಕೆ ಕೊಡುವ ಮಾತ್ರೆ ಹೌದು, ಅವರ ಯಜಮಾನರಿಗೆ ಗುಣ ಕಂಡಿದ್ದೂ ನಿಜ. ಆದರೆ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದನ್ನು ಕೊಡುವ ಹಾಗೇ ಇಲ್ಲ, ಪ್ರಾಣಕ್ಕೆ ಅಪಾಯ. ಡಾಕ್ಟರಮ್ಮ ಆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮೇಜಿನ ಖಾನೆಯಲ್ಲಿ ಹಾಕಿಕೊಂಡರು. ಸಕ್ಕರೆ, ಕಾಫಿಪುಡಿ ಸಾಲ ಕೇಳೋಣ ಸೋದರಿಯರೇ, ಮಾತ್ರೆ ಬೇಡ. ಆ 'ಲಾಲ್' ಮಾತ್ರೆಯನ್ನೂ ಏಕಾಏಕಿ ನಿಲ್ಲಿಸಿದ್ದರೆ ಹೃದಯದ ಬಡಿತ ಏರುಪೇರಾಗಿ ಅನಾಹುತವಾಗುತ್ತಿತ್ತು. ಅದನ್ನು ಕಡಿಮೆ ಮಾಡಬೇಕಾದರೂ ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಹೊರಡುವ ಮುಂಚೆ, "ಈ ಕಾಲುಂಗುರ ಇವತ್ತೇ ತೆಗೆಸಿ" ಅಂದರು. ಅತ್ತೆ ಸುತರಾಂ ಒಪ್ಪಲಿಲ್ಲ. ಐವತ್ತು ವರ್ಷದಿಂದ ಕಾಲಲ್ಲಿದ್ದದ್ದು. "ಅವರು ಗಟ್ಟಿಯಾಗಿರೋವಾಗ ನಾನು ತೆಗೀತೀನಾ? ಬೆರಳು ಹೋದರೂ ಹೋಗಲಿ" ಅಂದುಬಿಟ್ಟರು. ನಾನು ಹೇಳಿದೆ, ನಮ್ಮ ಯಜಮಾನರು ಹೇಳಿದರು, ನಾದಿನಿ ಫೋನಿನಲ್ಲಿ ಅತ್ತಳು. ಊಹೂಂ. ಕೊನೆಗೆ ಮಾವನವರು ರಾತ್ರಿ ಊಟವಾದ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ನೋಡೇ, ಹಾಕಿಸಿದವನು ನಾನು. ತೆಗಿ ಅಂತ ನಾನೇ ಹೇಳ್ತಿದೀನಿ. ಇನ್ಯಾರನ್ನ ಕೇಳಬೇಕು ನಿಂಗೆ?" ಅಂದರು. ಅತ್ತೆ ಮಾತಾಡಲಿಲ್ಲ. ಬೆಳಿಗ್ಗೆ ಅಕ್ಕಸಾಲಿಗಳು ಮನೆಗೇ ಬಂದು ಸಣ್ಣ ಕತ್ತರಿಯಿಂದ ತುಂಡರಿಸಿ ತೆಗೆದರು. ಕೆಳಗಿನ ಚರ್ಮ ಕಪ್ಪಿಟ್ಟಿತ್ತು. ಇನ್ನು ಒಂದು ವಾರ ಬಿಟ್ಟಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತಿತ್ತು ಅಂದರು ಆಮೇಲೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೊಡೆಯ ಮೂಲಕ ತೆಳ್ಳನೆ ಕೊಳವೆ ಹಾಯಿಸಿ, ಬಲೂನು ಉಬ್ಬಿಸಿ ನಾಳ ಬಿಡಿಸಿದರು. ದಿನವೂ ಡ್ರೆಸ್ಸಿಂಗ್ ಮಾಡಿ, ಹುಣ್ಣು ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಈಗ ಅತ್ತೆ ದೇವಸ್ಥಾನದ ತನಕ ನಡೆದು ಹೋಗಿ ಬರುತ್ತಾರೆ.

ಹಾಗಾದರೆ ಮಾತ್ರೆಗಳಿಂದ ತೊಂದರೆಯೇ ಇಲ್ಲವೇ ಅಂದರೆ, ಇದೆ, ಧಾರಾಳವಾಗಿ ಇದೆ. ಸಹಿಸಿಕೊಂಡು ಕೂರಬೇಕಿಲ್ಲ, ವೈದ್ಯರಿಗೆ ಹೇಳಬೇಕು ಅಷ್ಟೇ. ನೀರಿನ ಮಾತ್ರೆಯಿಂದ ಮೈಯಲ್ಲಿನ ಪೊಟ್ಯಾಸಿಯಂ ಎಂಬ ಲವಣ ಹೊರಟುಹೋಗಿ ಸುಸ್ತು, ಮೀನಖಂಡದ ಸೆಳೆತ ಬರಬಹುದು. ಯೂರಿಕ್ ಆಮ್ಲ ಏರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಪ್ರಾಣ ಹೋಗುವಂಥ ನೋವೂ ಬರಬಹುದು. 'ಪ್ರಿಲ್' ಅಂತ ಕೊನೆಯಾಗುವ ಎನಾಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ, ಯಾವ ಕಷಾಯಕ್ಕೂ ಬಗ್ಗುವುದಿಲ್ಲ. ಮಾತ್ರೆ ಬದಲಾಯಿಸಿದರೆ ಹೋಗುತ್ತದೆ. ಅದೇ ಮಾತ್ರೆಯಿಂದ ತುಟಿ ನಾಲಿಗೆ ಊದಿದರೆ ಮಾತ್ರ ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಓಡಿ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್‌ನಿಂದಲೂ ಪಾದ ಊದುವುದುಂಟು. ಸ್ಪಿರೊನೊಲ್ಯಾಕ್ಟೋನ್‌ನಿಂದ ಕೆಲವು ಗಂಡಸರಿಗೆ ಎದೆ ಹೆಂಗಸರ ಹಾಗೆ ಉಬ್ಬಿ ನೋಯುತ್ತದೆ. ಚಳ್ಳಕೆರೆಯ ಮಾವನವರು ಇದನ್ನು ಸೊಸೆಗೆ ಹೇಳಲಾರರು, ಮಗ ಕೇಳಬೇಕು. ಸಕ್ಕರೆ ಕಾಯಿಲೆಗೆಂದು ಬಂದು ಈಗ ಹೃದಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್ ಮಾತ್ರೆಯಿಂದ ಮೂತ್ರದಲ್ಲಿ ಸಕ್ಕರೆ ಹೋಗಿ, ಗುಟ್ಟಿನ ಜಾಗದಲ್ಲಿ ತುರಿಕೆ ಬರುವುದುಂಟು. ಅತ್ತೆ ಇದನ್ನು ಮೂರು ವಾರ ಮುಚ್ಚಿಟ್ಟುಕೊಂಡಿದ್ದರು. ಒಂದು ಮುಲಾಮಿಗೆ ಹೋಗುವ ತುರಿಕೆ ಅದು.

ಡಿಗಾಕ್ಸಿನ್ ಅಂತ ಇನ್ನೊಂದು ಹಳೆಯ ಮಾತ್ರೆ ಇದೆ. ಅದರ ಮೂಲ ಒಂದು ಹೂವಿನ ಗಿಡ, ಮನೆಮದ್ದು. ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬಲ್ಲಿ ಒಬ್ಬ ಮುದುಕಿ ಮೈ ಊದಿದವರಿಗೆ ಗುಟ್ಟಾಗಿ ಕೊಡುತ್ತಿದ್ದ ಔಷಧಿಯ ವಿಷಯ ತಿಳಿದು, ವಿಲಿಯಂ ವಿದರಿಂಗ್ ಎಂಬ ವೈದ್ಯ ಹತ್ತು ವರ್ಷ ಪರೀಕ್ಷೆ ಮಾಡಿ 1785ರಲ್ಲಿ ಪುಸ್ತಕ ಬರೆದನಂತೆ. ಅಜ್ಜಿಯ ಹೆಸರು ಯಾರೂ ಬರೆದಿಡಲಿಲ್ಲ ನೋಡಿ! ಈ ಮಾತ್ರೆಯ ಪ್ರಮಾಣ ಚೂರು ಹೆಚ್ಚಾದರೂ ಊಟ ಸೇರದು, ವಾಂತಿ, ಕಣ್ಣಿಗೆ ಎಲ್ಲ ಹಳದಿ ಹಳದಿ. ಹಾಗೆ ಕಂಡರೆ ತಕ್ಷಣ ತಿಳಿಸಬೇಕು.

ನಮ್ಮ ಕೈಯಲ್ಲಿರುವುದು ಅಡುಗೆಮನೆ. ಉಪ್ಪು ಕಡಿಮೆ ಮಾಡಿ ಅಂದರೆ ಸಾರಿಗೆ ಚಿಟಿಕೆ ಕಡಿಮೆ ಹಾಕಿ, ತಟ್ಟೆಗೆ ಉಪ್ಪಿನಕಾಯಿ ಬಡಿಸಿದರೆ ಏನು ಬಂತು? ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಂಗಡಿಯ ಖಾರಾ, ಇವು ಮೊದಲು ನಿಲ್ಲಬೇಕು. ನಾನು ಬೇಳೆಕಟ್ಟಿಗೆ ಕುಟ್ಟಿದ ಮೆಣಸು, ಜೀರಿಗೆ, ಜಜ್ಜಿದ ಶುಂಠಿ ಹಾಕಿ ಕುದಿಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ತುಪ್ಪದಲ್ಲಿ ಇಂಗು ಕರಿಬೇವಿನ ಒಗ್ಗರಣೆ ಕೊಡುತ್ತೇನೆ. ಹುಳಿ ಖಾರದ ಮುಂದೆ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯದು. ಮನೆಮಂದಿಗೆಲ್ಲ ಇದೇ ಸಾರು, ಬೇಕಾದವರು ತಟ್ಟೆಯಲ್ಲಿ ಹಾಕಿಕೊಳ್ಳಲಿ. ಅತ್ತೆಗೊಬ್ಬರಿಗೇ ಬೇರೆ ಮಾಡಿದರೆ ಅವರಿಗೆ ಮನಸ್ಸಿಗೆ ಹಿಡಿಸುವುದಿಲ್ಲ.

'ಸೋಡಿಯಂ ಕಡಿಮೆ' ಅಂತ ಬರೆದ ಉಪ್ಪಿನ ಪೊಟ್ಟಣವನ್ನು ಕೇಳದೆ ತರಬೇಡಿ. ಅದರಲ್ಲಿ ಬೆರೆಸಿರುವುದು ಪೊಟ್ಯಾಸಿಯಂ. ರಾಮಿಪ್ರಿಲ್, ಸ್ಪಿರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರ ಮೈಯಲ್ಲಿ ಅದು ಮೊದಲೇ ಏರುವಂಥದ್ದು, ಇನ್ನೂ ಏರಿದರೆ ಹೃದಯದ ಬಡಿತಕ್ಕೇ ಸಂಚಕಾರ. ನಮ್ಮೂರಿನಲ್ಲಿ ಯಾರಿಗೆ ಏನೇ ಆದರೂ ಎರಡು ಎಳನೀರು ಹಿಡಿದುಕೊಂಡು ನೋಡಲು ಬರುತ್ತಾರೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ತುಂಬ. ಈಗ ಬಂದ ಎಳನೀರೆಲ್ಲ ಮಕ್ಕಳ ಪಾಲು. ಪಾಪ, ತಂದವರಿಗೆ ಬೇಸರವಾಗದ ಹಾಗೆ ಹೇಳಬೇಕು.

ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ಅತ್ತೆಯ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಡಾಕ್ಟರಿಗೆ ಫೋನು. ಸಂಜೆ ದೀಪ ಹಚ್ಚುವ ಮುಂಚೆ ಎರಡೂ ಪಾದ ತೊಳೆದು, ಬೆರಳ ಸಂದಿಗಳನ್ನು ಒಣಗಿಸಿ, ಅಂಗಾಲು ನೋಡುತ್ತೇನೆ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಸಂದಿಗೆ ಬೇಡ. ನೀರು ಬೆಚ್ಚಗಿದೆಯೇ ಅಂತ ನನ್ನ ಮೊಣಕೈ ಅದ್ದಿ ನೋಡಿಯೇ ಅವರ ಕಾಲಿಗೆ. ಬಿಗಿಯಾದ ಕಾಲುಚೀಲ, ಪಟ್ಟಿ, ಎಳಸ್ತರಗಳನ್ನು ಆ ಒತ್ತಡದ ಪರೀಕ್ಷೆ ಆಗದೆ ಹಾಕಬಾರದು. ಒಂದು ಕಾಲು ಇದ್ದಕ್ಕಿದ್ದಂತೆ ಬಿಳಚಿಕೊಂಡು, ತಣ್ಣಗಾಗಿ, ವಿಪರೀತ ನೋವೋ ಜೋಮೋ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ಕಾಲು ಉಳಿಯಲು ಕೆಲವೇ ಗಂಟೆ ಇರುವುದು. ಒಂದೇ ಕಾಲು ತಟಕ್ಕನೆ ಊದಿ ನೋಯುವುದೂ ಬೇರೆ ವಿಷಯ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಲು ಹೋಗಬೇಡಿ, ತೋರಿಸಿ.

ಇನ್ನು ಚಳ್ಳಕೆರೆಯ ಸೋದರಿಗೆ. ನಿಮ್ಮ ಮಾವನವರ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಸೊಸೆ ಮಾವನ ಕಾಲು ಹಿಡಿದು ನೋಡುವುದಕ್ಕೆ ಸಂಕೋಚವಾದರೆ, ನಮಸ್ಕಾರ ಮಾಡುವ ನೆಪದಲ್ಲಾದರೂ ಇವತ್ತೇ ಎರಡೂ ಪಾದ ಮುಟ್ಟಿ. ಎರಡೂ ಒಂದೇ ಸಮ ತಣ್ಣಗಿವೆಯೋ, ಒಂದೇ ತಣ್ಣಗಿದೆಯೋ, ನಡೆದಾಗ ಮೀನಖಂಡ ಹಿಡಿದು ನಿಂತರೆ ಬಿಡುತ್ತದೆಯೋ, ರಾತ್ರಿ ಕಾಲು ಇಳಿಬಿಡುತ್ತಾರೆಯೋ, ಎಲ್ಲಾದರೂ ಗಾಯವಿದೆಯೋ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಲೆಸುತ್ತು ಯಾವ ಹೊತ್ತಿಗೆ, ಯಾವ ಮಾತ್ರೆಯಾದ ಮೇಲೆ ಅನ್ನುವುದನ್ನೂ ಬರೆಯಿರಿ. ಆರೂ ಮಾತ್ರೆಗಳ ಪಟ್ಟಿಗಳನ್ನು, ಅಂಗಡಿಯಿಂದ ತಂದ ನೋವಿನ ಮಾತ್ರೆ ಇದ್ದರೆ ಅದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಕಾಲು ಒಂದೇ ತಣ್ಣಗಿದ್ದರೆ ವಾರ ಕಾಯಬೇಡಿ, ನಾಳೆಯೇ ಹೊರಡಿ. ಹೋಗಿ ಬಂದ ಮೇಲೆ ನನಗೊಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.